ವೇಗ ಮತ್ತು ವಿವೇಕ

ರಾಯಚೂರು ಜಿಲ್ಲೆಯು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ ಬಯಲುನಾಡು. ರಾಯಚೂರು ನಗರದಿಂದ ಪಶ್ಚಿಮಕ್ಕೆ ಹೊರಟರೆ ಕಲ್ಮಲ ಎಂಬ ಗ್ರಾಮವು ಸಿಗುತ್ತದೆ. ಇದು ರಸ್ತೆಗಳು ಕವಲೊಡೆಯುವ ಊರು. ಇಲ್ಲಿಂದ ಒಂದು ದಾರಿಯು ಗಬ್ಬೂರಿನ ಮಾರ್ಗವಾಗಿ ದೇವದುರ್ಗವನ್ನೂ, ಮುಂದೆ ಕೃಷ್ಣಾ ನದಿಯ ತಿಂಥಣಿ ಸೇತುವೆಯನ್ನೂ ಸೇರುತ್ತದೆ. ಮತ್ತೊಂದು ದಾರಿಯು ಮಾನ್ವಿ, ಸಿಂಧನೂರುಗಳ ಕಡೆಗೆ ಸಾಗುತ್ತದೆ. ಭೂಮಿಯು ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ಈ ರಸ್ತೆಗಳು ಬಹುದೂರದವರೆಗೆ ನೇರವಾಗಿ ಓಡುತ್ತವೆ. ಇಂತಹ ರಸ್ತೆಯನ್ನು ಕಂಡ ಚಾಲಕನಿಗೆ ತನ್ನ ವಾಹನವನ್ನು ಒಂದೇ ವೇಗದಲ್ಲಿ ನಿರಾತಂಕವಾಗಿ ಓಡಿಸಬಹುದೆಂಬ ಭಾವನೆ ಬರುವುದು ಸಹಜ. ಈ ಆಸೆಯನ್ನು ನೆರವೇರಿಸುವ ಒಂದು ಸಾಧನವು ಇಂದಿನ ಅನೇಕ ಕಾರುಗಳಲ್ಲಿ ಅಳವಡಿಕೆಯಾಗಿದೆ. ಅದರ ಹೆಸರು ‘ಕ್ರೂಸ್ ಕಂಟ್ರೋಲ್’. ಚಾಲಕನು ನಿಗದಿಪಡಿಸಿದ ವೇಗವನ್ನು, ಆಕ್ಸಿಲರೇಟರನ್ನು ತುಳಿಯದೆಯೇ ಕಾಯ್ದುಕೊಂಡು ಹೋಗುವುದು ಇದರ ಕೆಲಸ. ಈ ಸಾಧನದಿಂದ ಆಗುವ ಉಪಕಾರವೆಷ್ಟು, ಅಪಾಯವೆಷ್ಟು ಎಂಬುದನ್ನು ವಿಚಾರಿಸುವುದು ಅಗತ್ಯ.

ಯಂತ್ರವು ತನ್ನ ವೇಗವನ್ನು ತಾನೇ ಕಾಯ್ದುಕೊಳ್ಳಬೇಕೆಂಬ ಆಲೋಚನೆಯು ಹೊಸದಲ್ಲ. 1788ರಲ್ಲಿ ಜೇಮ್ಸ್ ವಾಟ್ ಅವರು ಉಗಿಯಂತ್ರಕ್ಕೆ ‘ಗವರ್ನರ್’ ಎಂಬ ನಿಯಂತ್ರಕವನ್ನು ಅಳವಡಿಸಿದರು. ಇದರಲ್ಲಿ ತಿರುಗುವ ಒಂದು ದಂಡಕ್ಕೆ ಎರಡು ಲೋಹದ ಗುಂಡುಗಳನ್ನು ತೋಳುಗಳ ಮೂಲಕ ಜೋಡಿಸಲಾಗಿತ್ತು. ಯಂತ್ರದ ವೇಗವು ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಾಚಿ ಮೇಲಕ್ಕೇರುತ್ತಿದ್ದವು. ಆಗ ಉಗಿಯ ಕವಾಟವು ಸ್ವಲ್ಪ ಮುಚ್ಚಿಕೊಳ್ಳುತ್ತಿತ್ತು. ವೇಗವು ಕುಗ್ಗಿದರೆ ಗುಂಡುಗಳು ಕೆಳಗಿಳಿದು ಕವಾಟವು ತೆರೆದುಕೊಳ್ಳುತ್ತಿತ್ತು. ಹೀಗೆ ಆಗಿರುವ ವ್ಯತ್ಯಾಸವನ್ನು ಅಳೆದು, ಅದನ್ನು ತಿದ್ದುವ ಕೆಲಸವನ್ನು ಯಂತ್ರವೇ ಮಾಡತೊಡಗಿತು. 1868ರಲ್ಲಿ ವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರು ಇಂತಹ ನಿಯಂತ್ರಕಗಳ ಗಣಿತವನ್ನು ವಿವರಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು.

ಈ ತತ್ತ್ವದ ಉದಾಹರಣೆಯನ್ನು ಕಾಣಲು ಕಲ್ಮಲದವರು ಬಹುದೂರ ಹೋಗಬೇಕಾಗಿಲ್ಲ. ರಾಯಚೂರಿನ ಸಮೀಪದ ಶಕ್ತಿನಗರದಲ್ಲಿ ಕೃಷ್ಣಾ ನದಿಯ ದಡದ ಮೇಲೆ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಅದರ ಮೊದಲನೆಯ ಘಟಕವು 1985ರಲ್ಲಿ ಕಾರ್ಯಾರಂಭ ಮಾಡಿತು. ನಮ್ಮ ದೇಶದಲ್ಲಿ ವಿದ್ಯುತ್ತಿನ ಆವರ್ತನವು ಸೆಕೆಂಡಿಗೆ 50 ಆವರ್ತಗಳಷ್ಟಿರಬೇಕು. ಅದಕ್ಕಾಗಿ ಇಂತಹ ಕೇಂದ್ರಗಳ ಉಗಿಚಕ್ರಗಳು ನಿಮಿಷಕ್ಕೆ 3000 ಸುತ್ತುಗಳಂತೆ ತಿರುಗುತ್ತಿರಬೇಕು. ಬೇಡಿಕೆಯು ಏರಿದರೂ ಇಳಿದರೂ ಈ ವೇಗವು ಕದಲದಂತೆ ನೋಡಿಕೊಳ್ಳುವುದು ನಿಯಂತ್ರಕಗಳೇ. ಆದರೆ ಉಗಿಚಕ್ರವು ನಿಂತಲ್ಲಿಯೇ ತಿರುಗುವ ಯಂತ್ರ. ಅದರ ಹಾದಿಗೆ ಯಾರೂ ಅಡ್ಡ ಬರುವುದಿಲ್ಲ. ಮೋಟಾರು ವಾಹನವಾದರೋ ಜನರ ನಡುವೆ ಚಲಿಸುವ ಯಂತ್ರ. ಈ ಅಂತರವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವು ಸುಲಭವಾಗಿ ಮನದಟ್ಟಾಗುತ್ತದೆ.

ಈ ತತ್ತ್ವವನ್ನು ಕಾರಿಗೆ ತಕ್ಕಂತೆ ರೂಪಿಸಿ ಬಳಕೆಗೆ ತಂದವರಲ್ಲಿ ಅಮೆರಿಕದ ರಾಲ್ಫ್ ಟೀಟರ್ ಅವರು ಪ್ರಮುಖರು. 1890ರಲ್ಲಿ ಜನಿಸಿದ ಅವರು ಐದನೆಯ ವಯಸ್ಸಿನಲ್ಲಿಯೇ ಅಪಘಾತವೊಂದರಲ್ಲಿ ದೃಷ್ಟಿಯನ್ನು ಕಳೆದುಕೊಂಡರು. ಆದರೂ ಧೃತಿಗೆಡದೆ ಎಂಜಿನಿಯರಿಂಗ್ ಶಿಕ್ಷಣವನ್ನು ಪಡೆದು, ಬೆರಳುಗಳ ಸ್ಪರ್ಶದಿಂದಲೇ ಯಂತ್ರಗಳ ಮರ್ಮವನ್ನು ಅರಿತರು. ತಮ್ಮ ವಕೀಲರೊಡನೆ ಕಾರಿನಲ್ಲಿ ಪ್ರಯಾಣ ಮಾಡುವಾಗ, ಆ ವಕೀಲರು ಮಾತನಾಡುವಾಗಲೆಲ್ಲ ಕಾರು ನಿಧಾನವಾಗುವುದನ್ನೂ, ಮಾತು ಕೇಳುವಾಗ ವೇಗ ಹೆಚ್ಚುವುದನ್ನೂ ಅವರು ಗಮನಿಸಿದರೆಂದು ಹೇಳುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರಕಾರವು ರಬ್ಬರು ಮತ್ತು ಇಂಧನವನ್ನು ಉಳಿಸುವ ಸಲುವಾಗಿ ವಾಹನಗಳ ವೇಗವನ್ನು ಗಂಟೆಗೆ ಸುಮಾರು 56 ಕಿಲೋಮೀಟರಿಗೆ ಮಿತಿಗೊಳಿಸಿತ್ತು. ಒಂದೇ ವೇಗವನ್ನು ಕಾಯುವ ಸಾಧನದ ಅಗತ್ಯವು ಆಗ ಮತ್ತಷ್ಟು ಸ್ಪಷ್ಟವಾಯಿತು. ಟೀಟರ್ ಅವರ ಸಾಧನಕ್ಕೆ 1950ರಲ್ಲಿ ಪೇಟೆಂಟ್ ದೊರೆಯಿತು. 1958ರಲ್ಲಿ ಕ್ರೈಸ್ಲರ್ ಕಂಪೆನಿಯು ಇಂಪೀರಿಯಲ್ ಮೊದಲಾದ ಕಾರುಗಳಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. 1973ರ ತೈಲ ಬಿಕ್ಕಟ್ಟಿನ ಅನಂತರ ಇದರ ಬಳಕೆಯು ಇನ್ನಷ್ಟು ವ್ಯಾಪಕವಾಯಿತು.

ಈ ಸಾಧನವು ಕೆಲಸ ಮಾಡುವ ರೀತಿಯು ಸರಳವಾದುದು. ಚಾಲಕನು ಬೇಕಾದ ವೇಗವನ್ನು ತಲುಪಿ ಗುಂಡಿಯೊಂದನ್ನು ಒತ್ತುತ್ತಾನೆ. ಆ ವೇಗವು ಗಂಟೆಗೆ 80 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಯಂತ್ರವು ಅದನ್ನು ನೆನಪಿನಲ್ಲಿ ಇಟ್ಟುಕೊಂಡು, ಚಕ್ರಗಳು ತಿರುಗುವ ವೇಗವನ್ನು ಪ್ರತಿಕ್ಷಣವೂ ಅಳೆಯುತ್ತದೆ. ಏರುದಾರಿಯಲ್ಲಿ ವೇಗವು 78ಕ್ಕೆ ಇಳಿದರೆ ಎಂಜಿನ್ನಿಗೆ ಹೆಚ್ಚು ಶಕ್ತಿಯನ್ನು ಒದಗಿಸುತ್ತದೆ. 82ಕ್ಕೆ ಏರಿದರೆ ಶಕ್ತಿಯನ್ನು ಕಡಿಮೆ ಮಾಡುತ್ತದೆ. ಚಾಲಕನು ಬ್ರೇಕನ್ನು ತುಳಿದ ಕೂಡಲೇ ಯಂತ್ರವು ತನ್ನ ಅಧಿಕಾರವನ್ನು ಬಿಟ್ಟುಕೊಡುತ್ತದೆ. ಗೇರು ಬದಲಾಯಿಸುವ ಕಾರುಗಳಲ್ಲಿ ಕ್ಲಚ್ಚನ್ನು ಒತ್ತಿದರೂ ಸಾಮಾನ್ಯವಾಗಿ ಹೀಗೆಯೇ ಆಗುತ್ತದೆ. ಸಾಧಾರಣ ಮಾದರಿಯ ಸಾಧನವು ತಾನಾಗಿ ಬ್ರೇಕು ಹಾಕುವುದಿಲ್ಲವಾದುದರಿಂದ, ಕಡಿದಾದ ಇಳಿಜಾರಿನಲ್ಲಿ ವಾಹನವು ನಿಗದಿತ ವೇಗವನ್ನು ಮೀರುವುದುಂಟು.

ಈ ಸಾಧನದ ಪ್ರಯೋಜನಗಳನ್ನು ಅಲ್ಲಗಳೆಯುವಂತಿಲ್ಲ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಪಾದವನ್ನು ಒತ್ತಿ ಹಿಡಿದ ಚಾಲಕನಿಗೆ ಕಾಲು ಜೋಮು ಹಿಡಿಯುತ್ತದೆ, ಸೊಂಟ ನೋಯುತ್ತದೆ. ಕ್ರೂಸ್ ಕಂಟ್ರೋಲ್ ಈ ಆಯಾಸವನ್ನು ತಗ್ಗಿಸುತ್ತದೆ. ಎರಡನೆಯದಾಗಿ, ಅರಿವಿಲ್ಲದೆಯೇ ವೇಗವು ಏರುವುದನ್ನು ಇದು ತಡೆಯುತ್ತದೆ. ಅಗಲವಾದ, ಬರಿದಾದ ರಸ್ತೆಯಲ್ಲಿ ವೇಗದ ಅರಿವು ಮಂದವಾಗುವುದರಿಂದ, 80ರಲ್ಲಿ ಹೊರಟವನು ತಿಳಿಯದೆ 100ನ್ನು ದಾಟಿರುತ್ತಾನೆ. ಮೂರನೆಯದಾಗಿ, ಸಮತಟ್ಟಾದ ರಸ್ತೆಯಲ್ಲಿ ವೇಗವು ಪದೇ ಪದೇ ಏರಿಳಿಯದಿದ್ದರೆ ಇಂಧನವು ಉಳಿಯುತ್ತದೆ. ಆದರೆ ಇಲ್ಲಿಯೂ ಒಂದು ಮಾತುಂಟು. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 80ರ ಬದಲು 100ರಲ್ಲಿ ಓಡುವ ವಾಹನವು ಒಂದೂವರೆ ಪಟ್ಟಿಗಿಂತ ಹೆಚ್ಚಿನ ಪ್ರತಿರೋಧವನ್ನು ಎದುರಿಸಬೇಕಾಗುತ್ತದೆ. ಆದುದರಿಂದ ವೇಗವನ್ನು ಸ್ಥಿರವಾಗಿಟ್ಟರೆ ಸಾಲದು, ಮಿತವಾಗಿಯೂ ಇಡಬೇಕು.

ಈ ಪ್ರಯೋಜನಗಳು ಪೂರ್ಣವಾಗಿ ದೊರೆಯುವುದು ತಕ್ಕ ರಸ್ತೆಯಲ್ಲಿ ಮಾತ್ರ. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ ಎದುರು ಬದುರಾಗಿ ಬರುವ ವಾಹನಗಳ ನಡುವೆ ವಿಭಜಕವಿದೆ. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್ ಮುಂತಾದವುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವನ್ನು ನಿಷೇಧಿಸಲಾಯಿತು. ಒಂದೇ ಬಗೆಯ ವಾಹನಗಳು ಒಂದೇ ದಿಕ್ಕಿನಲ್ಲಿ ಸಾಗುವ ಇಂತಹ ರಸ್ತೆಯೇ ಸ್ಥಿರವೇಗಕ್ಕೆ ಒಪ್ಪುವ ರಸ್ತೆ.

ಕಲ್ಮಲದಿಂದ ಮಾನ್ವಿಗೂ ದೇವದುರ್ಗಕ್ಕೂ ಹೋಗುವ ದಾರಿಗಳ ಸ್ವರೂಪವೇ ಬೇರೆ. ಅವು ನೋಟಕ್ಕೆ ನೇರವಾಗಿದ್ದರೂ ಬರಿದಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯು ಮಾನ್ವಿ, ಸಿಂಧನೂರು ಪ್ರದೇಶಗಳಿಗೂ, ನಾರಾಯಣಪುರ ಬಲದಂಡೆ ಕಾಲುವೆಯು ದೇವದುರ್ಗದ ಪ್ರದೇಶಕ್ಕೂ ನೀರುಣಿಸುತ್ತವೆ. ಸುಗ್ಗಿಯ ಕಾಲದಲ್ಲಿ ಭತ್ತ, ಹತ್ತಿಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ರಾಯಚೂರಿನ ಮಾರುಕಟ್ಟೆಯ ಕಡೆಗೆ ಸಾಲುಗಟ್ಟುತ್ತವೆ. ರಸ್ತೆಯ ಒಂದು ಮಗ್ಗುಲಿನಲ್ಲಿ ಭತ್ತವನ್ನು ಹರವಿ ಒಣಗಿಸುವುದೂ, ರಾಶಿಯ ಅಂಚಿಗೆ ಕಲ್ಲುಗಳನ್ನಿಡುವುದೂ ಉಂಟು. ಕುರಿಯ ಹಿಂಡು ರಸ್ತೆಯನ್ನು ದಾಟುತ್ತದೆ. ಎತ್ತಿನ ಬಂಡಿಯು ಹೊಲದ ದಾರಿಯಿಂದ ಮೇಲೇರುತ್ತದೆ. ಶಾಲೆ ಬಿಟ್ಟ ಮಕ್ಕಳು ಅಂಚಿನಲ್ಲಿ ನಡೆದು ಬರುತ್ತಾರೆ. ಇವರಾರೂ ರಸ್ತೆಗೆ ಪರಕೀಯರಲ್ಲ. ವೇಗವಾಗಿ ಹೋಗುವವನಿಗೆ ಇರುವಷ್ಟೇ ಹಕ್ಕು ಇವರಿಗೂ ಇದೆ.

ಇಂತಹ ಸ್ಥಳದಲ್ಲಿ ವೇಗದ ಲೆಕ್ಕವನ್ನು ಚಾಲಕನು ಅರಿತಿರಬೇಕು. ಗಂಟೆಗೆ 80 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿನಲ್ಲಿ 22 ಮೀಟರು ಮುಂದಕ್ಕೆ ಹೋಗುತ್ತದೆ. ಅಡ್ಡಿಯನ್ನು ಕಂಡು ಬ್ರೇಕನ್ನು ತುಳಿಯಲು ಚಾಲಕನಿಗೆ ಒಂದೂವರೆ ಸೆಕೆಂಡು ಬೇಕಾಗುತ್ತದೆಂದು ಭಾವಿಸಿದರೆ, ಅಷ್ಟರಲ್ಲಿಯೇ 33 ಮೀಟರು ಕಳೆದಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಬಿದ್ದ ಮೇಲೆ ವಾಹನವು ನಿಲ್ಲಲು ಸುಮಾರು 35 ಮೀಟರು ಬೇಕು. ಒಟ್ಟು 68 ಮೀಟರು. ಇದೇ ಲೆಕ್ಕದಲ್ಲಿ 60ರ ವೇಗಕ್ಕೆ ಸುಮಾರು 45 ಮೀಟರು ಸಾಕು. 100ರ ವೇಗಕ್ಕೆ ಸುಮಾರು 97 ಮೀಟರು ಬೇಕು. ರಾತ್ರಿಯ ವೇಳೆ ತಗ್ಗಿಸಿದ ದೀಪದ ಬೆಳಕು 50 ಮೀಟರಿನ ಆಸುಪಾಸಿನವರೆಗೆ ಮಾತ್ರ ದಾರಿಯನ್ನು ಚೆನ್ನಾಗಿ ತೋರಿಸುತ್ತದೆ. ಹಿಂಬದಿಯ ದೀಪವಿಲ್ಲದೆ ನಿಂತ ಟ್ರೇಲರು 80ರ ವೇಗದಲ್ಲಿ ಬರುವವನ ಕಣ್ಣಿಗೆ ಬೀಳುವ ಹೊತ್ತಿಗೆ ನಿಲ್ಲಲು ಬೇಕಾದ ಅಂತರವು ಉಳಿದಿರುವುದಿಲ್ಲ. ಕ್ರೂಸ್ ಕಂಟ್ರೋಲ್ ಬಳಸುವಾಗ ಪಾದವು ಬ್ರೇಕಿನಿಂದ ದೂರ ಸರಿದಿದ್ದರೆ ಮತ್ತೂ ಅರ್ಧ ಸೆಕೆಂಡು ವ್ಯರ್ಥವಾಗಬಹುದು. ಅರ್ಧ ಸೆಕೆಂಡೆಂದರೆ 11 ಮೀಟರು. ಒಂದು ಮಗುವಿನ ಪ್ರಾಣವು ಉಳಿಯುವುದಕ್ಕೂ ಹೋಗುವುದಕ್ಕೂ ಅಷ್ಟು ಅಂತರವು ಸಾಕು.

ವೇಗದಿಂದ ಉಳಿಯುವ ಸಮಯವಾದರೂ ಎಷ್ಟು? 40 ಕಿಲೋಮೀಟರು ದೂರವನ್ನು 60ರ ವೇಗದಲ್ಲಿ ಕ್ರಮಿಸಲು 40 ನಿಮಿಷಗಳೂ, 80ರ ವೇಗದಲ್ಲಿ ಕ್ರಮಿಸಲು 30 ನಿಮಿಷಗಳೂ ಬೇಕು. ಹತ್ತು ನಿಮಿಷಗಳ ಲಾಭಕ್ಕಾಗಿ ಎಷ್ಟು ಅಪಾಯವನ್ನು ಹೊರಬಹುದೆಂಬುದನ್ನು ಯಂತ್ರವು ಹೇಳಲಾರದು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಮನಸ್ಸಿಗೆ ಸಂಬಂಧಿಸಿದುದು. ಮಾಡಲು ಕೆಲಸವಿರುವಾಗ ಮನಸ್ಸು ಎಚ್ಚರವಾಗಿರುತ್ತದೆ. ಕೇವಲ ನೋಡುತ್ತಿರಬೇಕಾದಾಗ ಬಹುಬೇಗ ಮಂಕಾಗುತ್ತದೆ. 1948ರಲ್ಲಿ ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿಯು ಈ ವಿಷಯದಲ್ಲಿ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಗಡಿಯಾರದಂತಹ ಫಲಕದ ಮೇಲೆ ಮುಳ್ಳು ಹೆಜ್ಜೆ ಹೆಜ್ಜೆಯಾಗಿ ಚಲಿಸುತ್ತಿತ್ತು. ಎಲ್ಲೋ ಒಮ್ಮೆ ಎರಡು ಹೆಜ್ಜೆಯನ್ನು ಒಟ್ಟಿಗೆ ಇಡುತ್ತಿತ್ತು. ಅದನ್ನು ಗುರುತಿಸುವುದಷ್ಟೇ ವೀಕ್ಷಕರ ಕೆಲಸ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವರು ಹೆಚ್ಚು ಹೆಚ್ಚು ತಪ್ಪತೊಡಗಿದರು. ಯಂತ್ರಕ್ಕೆ ವೇಗವನ್ನು ಒಪ್ಪಿಸಿ, ನೇರವಾದ ರಸ್ತೆಯನ್ನು ನೋಡುತ್ತ ಕುಳಿತ ಚಾಲಕನ ಸ್ಥಿತಿಯೂ ಇದಕ್ಕೆ ಸಮೀಪವಾದುದೇ. ಮಧ್ಯಾಹ್ನದ ಬಿಸಿಲು, ಊಟದ ಬಳಿಕದ ಮಂಪರು ಕೂಡಿಕೊಂಡರೆ ತೂಕಡಿಕೆಯು ಬಹುಬೇಗ ಆವರಿಸುತ್ತದೆ. ನಿದ್ರೆ ಬಂದವನ ಕಾಲು ಆಕ್ಸಿಲರೇಟರಿನಿಂದ ಸಡಿಲಿದರೆ ವಾಹನವು ನಿಧಾನವಾಗಬಹುದು. ಕ್ರೂಸ್ ಕಂಟ್ರೋಲ್ ಇರುವ ವಾಹನವು ಅದೇ ವೇಗದಲ್ಲಿ ಮುಂದುವರಿಯುತ್ತದೆ.

ಮಳೆಗಾಲದಲ್ಲಿ ಮತ್ತೊಂದು ಎಚ್ಚರಿಕೆಯು ಅಗತ್ಯ. ರಾಯಚೂರು ಸೀಮೆಯ ಎರೆಮಣ್ಣು ಮಳೆಯಲ್ಲಿ ನೆನೆದರೆ ಅಂಟಂಟಾಗುತ್ತದೆ. ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಅದನ್ನು ಡಾಂಬರು ರಸ್ತೆಗೆ ಹೊತ್ತು ತರುತ್ತವೆ. ಅಂತಹ ಕಡೆ ಚಕ್ರಗಳ ಹಿಡಿತವು ತಪ್ಪುವ ಸಂಭವವಿದೆ. ಕ್ರೂಸ್ ಕಂಟ್ರೋಲ್ ಅಳೆಯುವುದು ಚಕ್ರದ ವೇಗವನ್ನೇ ಹೊರತು ರಸ್ತೆಯ ಜಾರಿಕೆಯನ್ನಲ್ಲ. ನೀರು ನಿಂತ, ಕೆಸರು ಮೆತ್ತಿದ ರಸ್ತೆಯಲ್ಲಿ ಇದನ್ನು ಬಳಸಬಾರದೆಂದು ವಾಹನ ತಯಾರಕರ ಕೈಪಿಡಿಗಳೇ ಎಚ್ಚರಿಸುತ್ತವೆ.

ಕೆಲವರು ಕ್ರೂಸ್ ಕಂಟ್ರೋಲನ್ನೂ ಬಸ್ಸು, ಲಾರಿಗಳಲ್ಲಿರುವ ಸ್ಪೀಡ್ ಗವರ್ನರನ್ನೂ ಒಂದೇ ಎಂದು ತಿಳಿಯುವುದುಂಟು. ಅವು ಬೇರೆ ಬೇರೆ. ಸ್ಪೀಡ್ ಗವರ್ನರು ವೇಗದ ಮೇಲ್ಮಿತಿಯನ್ನು ಮಾತ್ರ ನಿಗದಿಪಡಿಸುತ್ತದೆ. ಆ ಮಿತಿಯೊಳಗೆ ಚಾಲಕನು ಕಾಲನ್ನು ತೆಗೆದರೆ ವಾಹನವು ನಿಧಾನವಾಗುತ್ತದೆ. ಕ್ರೂಸ್ ಕಂಟ್ರೋಲಾದರೋ ವೇಗವು ಇಳಿಯದಂತೆಯೂ ಕಾಯುತ್ತದೆ. ಒಂದು ವೇಗಕ್ಕೆ ಹಾಕಿದ ಬೇಲಿ. ಮತ್ತೊಂದು ವೇಗಕ್ಕೆ ಕೊಟ್ಟ ಆಸರೆ.

ಇತ್ತೀಚಿನ ದಶಕಗಳಲ್ಲಿ ಈ ಸಾಧನವು ಇನ್ನಷ್ಟು ಸುಧಾರಿಸಿದೆ. ರೇಡಾರ್ ಅಥವಾ ಕ್ಯಾಮರಾದ ನೆರವಿನಿಂದ ಮುಂದಿನ ವಾಹನದ ಅಂತರವನ್ನು ಅಳೆದು, ತಾನಾಗಿಯೇ ವೇಗವನ್ನು ಹೊಂದಿಸಿಕೊಳ್ಳುವ ಮಾದರಿಗಳು 1990ರ ದಶಕದಲ್ಲಿ ಬಳಕೆಗೆ ಬಂದವು. ಇವು ನಿಜವಾಗಿಯೂ ಉಪಯುಕ್ತವಾದವು. ಆದರೆ ನಿಂತ ವಾಹನಗಳು, ಪಾದಚಾರಿಗಳು, ಪ್ರಾಣಿಗಳು ಇವುಗಳನ್ನು ಗುರುತಿಸುವಲ್ಲಿ ಇವೂ ತಪ್ಪಬಹುದು. ದಾರಿಯ ಮೇಲೆ ಹರವಿದ ಭತ್ತವನ್ನೂ, ಅದರ ಅಂಚಿನ ಕಲ್ಲನ್ನೂ ಯಂತ್ರವು ಅರಿತುಕೊಂಡೀತೆಂದು ನಂಬಿ ಕೂರುವುದು ವಿವೇಕವಲ್ಲ.

ಹಾಗಾದರೆ ಈ ಸಾಧನವನ್ನು ತ್ಯಜಿಸಬೇಕೆ? ಅಗತ್ಯವಿಲ್ಲ. ವಿಭಜಕವಿರುವ ಹೆದ್ದಾರಿಯಲ್ಲಿ, ವಾಹನಗಳು ವಿರಳವಾಗಿರುವಾಗ, ಒಣಗಿದ ರಸ್ತೆಯಲ್ಲಿ, ಹಗಲು ಬೆಳಕಿನಲ್ಲಿ, ಚೆನ್ನಾಗಿ ನಿದ್ರಿಸಿ ಹೊರಟ ಚಾಲಕನು ಇದನ್ನು ಧಾರಾಳವಾಗಿ ಬಳಸಬಹುದು. ಊರು ಸಮೀಪಿಸಿದಾಗ, ಕವಲುದಾರಿಯಲ್ಲಿ, ತಿರುವಿನಲ್ಲಿ, ಮಳೆಯಲ್ಲಿ, ಕತ್ತಲಲ್ಲಿ, ಸುಗ್ಗಿಯ ಸಂದಣಿಯಲ್ಲಿ ಅದನ್ನು ನಿಲ್ಲಿಸಿ ವೇಗವನ್ನು ತನ್ನ ಕಾಲಿನ ವಶಕ್ಕೆ ತಂದುಕೊಳ್ಳಬೇಕು. ಬಳಸುವಾಗಲೂ ಪಾದವು ಬ್ರೇಕಿನ ಸಮೀಪದಲ್ಲಿಯೇ ಇರಬೇಕು.

ಹೇಳಿದ ವೇಗವನ್ನು ಕಾಯುವುದರಲ್ಲಿ ಯಂತ್ರವು ಮನುಷ್ಯನಿಗಿಂತ ನಿಪುಣ. ಆದರೆ ಎಷ್ಟು ವೇಗವು ಯುಕ್ತ, ಎಲ್ಲಿ ನಿಲ್ಲಬೇಕು, ಯಾರಿಗೆ ದಾರಿ ಬಿಡಬೇಕು ಎಂಬ ನಿರ್ಣಯವು ಅದಕ್ಕೆ ಸೇರಿದುದಲ್ಲ. ದೃಷ್ಟಿಯಿಲ್ಲದ ಟೀಟರ್ ಅವರು, ದೃಷ್ಟಿಯುಳ್ಳ ಚಾಲಕನ ಅಜಾಗರೂಕತೆಯನ್ನು ಗಮನಿಸಿ ಈ ಸಾಧನವನ್ನು ರೂಪಿಸಿದರು. ಅದು ಕಾಲಿಗೆ ವಿಶ್ರಾಂತಿಯನ್ನು ಕೊಡಬಲ್ಲದು. ಕಣ್ಣಿಗೂ ಮನಸ್ಸಿಗೂ ರಜೆಯನ್ನು ಕೊಡಲಾರದು.