ಪಾಪೆ ಕಿರಿದಾದಾಗ: ನಲಾಕ್ಸೋನ್ ಬೆಳೆದುಬಂದ ದಾರಿ

ಭೀಮಾ ನದಿಯ ಬ್ಯಾರೇಜಿನಿಂದ ಹೆಸರಾದ ಅಫಜಲಪುರ ತಾಲ್ಲೂಕಿನ ಸೊನ್ನ ಮತ್ತು ಅದರ ಸುತ್ತಲಿನ ತೊಗರಿ, ಹತ್ತಿಯ ಸೀಮೆಯಲ್ಲಿ ಎಚ್ಚರ ತಪ್ಪಿದವರ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ, ರೈತರು ‘ಎಣ್ಣೆ’ ಎಂದು ಕರೆಯುವ ಕೀಟನಾಶಕದ ಮೇಲೆಯೇ ಮೊದಲು ಅನುಮಾನ ಹೋಗುವುದು ಸಹಜ. ಆ ವಿಷದಲ್ಲಿ ಸಾಮಾನ್ಯವಾಗಿ ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ. ಅದಕ್ಕೆ ಕೊಡುವ ಮದ್ದು ಅಟ್ರೊಪಿನ್. ಆದರೆ ಪಾಪೆ ಕಿರಿದಾಗಿರುವುದರ ಜೊತೆಗೆ ಉಸಿರು ನಿಧಾನವಾಗಿ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿದ್ದು, ತುಟಿ ಮತ್ತು ಉಗುರು ನೀಲಿಗಟ್ಟಿದ್ದರೆ, ಒಪಿಯಾಯ್ಡ್‌ಗಳು, ಅಂದರೆ ಅಫೀಮಿನಿಂದ ಬಂದ ಅಥವಾ ಅದರಂತೆ ವರ್ತಿಸುವ ಔಷಧಗಳು, ಮಿತಿಮೀರಿರುವ ಸಾಧ್ಯತೆಯನ್ನು ಕೂಡಲೇ ನೆನೆಯಬೇಕು.

ಸಂಸ್ಕೃತ ವೈದ್ಯಗ್ರಂಥಗಳು ಅಫೀಮನ್ನು ‘ಅಹಿಫೇನ’, ಅಂದರೆ ಹಾವಿನ ನೊರೆ, ಎಂದು ಕರೆದವು. ಅದರಿಂದ ಮಾರ್ಫಿನ್ ಬೇರ್ಪಡಿಸಿದ ಜರ್ಮನಿಯ ಔಷಧಕಾರ ಸೆರ್ಟ್ಯುರ್ನರ್, ತಾನೂ ಮೂವರು ಹುಡುಗರೂ ಅದನ್ನು ಸೇವಿಸಿ ನೋಡಿ, ವಿಷವೇರಿದಾಗ ವಿನೆಗರ್ ಕುಡಿದು ವಾಂತಿ ಮಾಡಿಕೊಂಡದ್ದನ್ನು 1817ರಲ್ಲಿ ಬರೆದಿಟ್ಟ. ಆಗ ಇದ್ದ ಪರಿಹಾರ ಅಷ್ಟೇ. 1940ರ ದಶಕದ ನ್ಯಾಲಾರ್ಫಿನ್ ವಿಷವನ್ನು ತಡೆದರೂ ತಾನೇ ಕಳವಳ, ಭ್ರಮೆ ಹುಟ್ಟಿಸುತ್ತಿತ್ತು. 1961ರಲ್ಲಿ ಲೆವೆನ್‌ಸ್ಟೀನ್ ಮತ್ತು ಜ್ಯಾಕ್ ಫಿಶ್‌ಮನ್ ಪೇಟೆಂಟಿಗೆ ಸಲ್ಲಿಸಿದ ನಲಾಕ್ಸೋನ್‌ಗೆ ಆ ದೋಷವಿರಲಿಲ್ಲ. 1971ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಅದು ಮಿದುಳಿನ ಯಾವ ಬೀಗಕ್ಕೆ ಕೂರುತ್ತದೆಂಬುದು ತಿಳಿದದ್ದು ಆಮೇಲೆ: 1973ರಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ವಿಕಿರಣದ ಗುರುತು ಹಚ್ಚಿದ ಇದೇ ನಲಾಕ್ಸೋನ್ ಬಳಸಿ ಒಪಿಯಾಯ್ಡ್ ಗ್ರಾಹಕವನ್ನು, ಅಂದರೆ ಔಷಧ ಅಂಟಿಕೊಳ್ಳುವ ತಾಣವನ್ನು, ಪತ್ತೆಹಚ್ಚಿದರು. ಮದ್ದೇ ತನ್ನ ನೆಲೆಯನ್ನು ತೋರಿಸಿಕೊಟ್ಟ ಈ ಪ್ರಸಂಗ ವೈದ್ಯಚರಿತ್ರೆಯಲ್ಲಿ ನಿಜಕ್ಕೂ ಅಪರೂಪದ್ದು.

ಭಾರತದಲ್ಲಿ ಇಂಥ ಒಪಿಯಾಯ್ಡ್‌ಗಳ ಮೇಲಿದ್ದ 1985ರ ಮಾದಕವಸ್ತು ಕಾಯ್ದೆಯ ಬಿಗಿಯನ್ನು 2014ರ ತಿದ್ದುಪಡಿ ರೋಗಿಗಳಿಗಾಗಿ ಸಡಿಲಿಸಿತು. 2018ರಲ್ಲಿ ಒಪಿಯಾಯ್ಡ್ ಜಾತಿಯ ನೋವಿನ ಗುಳಿಗೆ ಟ್ರಮಡಾಲ್ ಕೂಡ ಆ ಕಾಯ್ದೆಯೊಳಗೆ ಬಂದಿತು. ಕ್ಯಾನ್ಸರಿನ ನೋವಿಗೆ ವೈದ್ಯರು ಅಳೆದು ಕೊಡುವ ಮಾರ್ಫಿನ್‌ಗೆ ಹೆದರಿ, ನರಳುವವರನ್ನು ಹಾಗೇ ಬಿಡುವುದು ಕ್ರೌರ್ಯವೇ ಸರಿ.

ಒಪಿಯಾಯ್ಡ್ ಮಿತಿಮೀರಿದಾಗ ಕೊಲ್ಲುವುದು ಆಮ್ಲಜನಕದ ಕೊರತೆ. ಆದ್ದರಿಂದ ಊರಲ್ಲಿ ನಲಾಕ್ಸೋನ್ ಸಿಗದಿದ್ದರೂ ಕೈಕಟ್ಟಿ ಕೂರಬೇಕಾಗಿಲ್ಲ. ಹೆಸರು ಕೂಗಿ, ಭುಜ ಅಲುಗಿಸಿ ನೋಡಬೇಕು. ಏಳದಿದ್ದರೆ 108ಕ್ಕೆ ಕರೆಮಾಡಬೇಕು. ಉಸಿರು ನಿಂತಿದ್ದರೆ ಅಥವಾ ತೀರಾ ವಿರಳವಾಗಿದ್ದರೆ, ತಲೆಯನ್ನು ಹಿಂದಕ್ಕೆ ಬಾಗಿಸಿ ಬಾಯಿಂದ ಉಸಿರು ತುಂಬಬೇಕು; ನಾಡಿಯೂ ಸಿಗದಿದ್ದರೆ ಎದೆಯನ್ನು ಒತ್ತಬೇಕು. ಸರಿಯಾಗಿ ಉಸಿರಾಡುತ್ತಿರುವವರನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಇಳಿಯದು. ಆಸ್ಪತ್ರೆಯಲ್ಲಿ ನಲಾಕ್ಸೋನ್ ಚುಚ್ಚಿದೊಡನೆ ರೋಗಿ ಕಣ್ಣುಬಿಟ್ಟು ಮನೆಗೆ ಹೊರಡುತ್ತೇನೆಂದರೂ ಕಳಿಸಬಾರದು. ಏಕೆಂದರೆ ಅದರ ಪ್ರಭಾವ 30ರಿಂದ 90 ನಿಮಿಷಗಳಲ್ಲಿ ಇಳಿಯುತ್ತದೆ, ರಕ್ತದಲ್ಲಿ ಉಳಿದ ಒಪಿಯಾಯ್ಡ್ ಮತ್ತೆ ಉಸಿರನ್ನು ಅಡಗಿಸಬಲ್ಲದು.