ಹೊಲದಲ್ಲಿ ಗಡಿಗೆ ಸಿಕ್ಕರೆ

ಗೋಕಾಕ ಎಂದ ಕೂಡಲೇ ಕರದಂಟು, ಜಲಪಾತ, ನೂಲಿನ ಗಿರಣಿ ನೆನಪಾಗುತ್ತವೆ. ಅಲ್ಲೊಂದು ಟಂಕಸಾಲೆಯೂ ಇತ್ತೆಂಬುದು ಮಾತ್ರ ಮರೆತೇಹೋಗಿದೆ. ಹದಿನೆಂಟನೆಯ ಶತಮಾನದ ಕೆಲವು ಬೆಳ್ಳಿ ರೂಪಾಯಿಗಳ ಮೇಲೆ ಪಾರಸಿ ಲಿಪಿಯಲ್ಲಿ ‘ಆಜಮನಗರ ಗೋಕಾಕ’ ಎಂಬ ಹೆಸರಿದೆ. ಆಜಮನಗರ ಎಂದರೆ ಮೊಗಲರ ಕಾಲದ ಬೆಳಗಾವಿ. ಆಳುತ್ತಿದ್ದವರು ಮರಾಠರು, ನಾಣ್ಯದ ಮೇಲಿನ ಹೆಸರು ದಿಲ್ಲಿಯ ಬಾದಶಹನದು, ಟಂಕಸಾಲೆಯ ಹೆಸರು ನಮ್ಮೂರಿನದು. ಇಂಥ ಒಂದು ರೂಪಾಯಿ ಯಾವ ಹೊಲದಲ್ಲಿ, ಯಾವ ನಾಣ್ಯಗಳ ಜೊತೆ ಸಿಕ್ಕಿತು ಎಂದು ತಿಳಿದರೆ ಆ ದುಡ್ಡು ಎಲ್ಲಿಯವರೆಗೆ ನಡೆಯುತ್ತಿತ್ತು, ಯಾವ ಸಂತೆಗೆ ಹೋಗುತ್ತಿತ್ತು ಎಂದು ಹೇಳಬಹುದು. ಆ ತಿಳಿವಳಿಕೆ ಉಳಿಯುವುದೂ ಅಳಿಯುವುದೂ ಗಡಿಗೆ ಕಂಡ ಮೊದಲ ಒಂದು ತಾಸಿನಲ್ಲಿ.

ನಮ್ಮ ಕಡೆ ಗಡಿಗೆಯನ್ನು ಹೊರಗೆ ತರುವುದು ಹೆಚ್ಚಾಗಿ ಲೋಹಶೋಧಕ ಯಂತ್ರ ಹಿಡಿದ ಹವ್ಯಾಸಿಯಲ್ಲ, ಟ್ರ್ಯಾಕ್ಟರ್. ಮೂಡಲಗಿಯ ಎರಿ ಹೊಲಗಳಿಗೆ ಘಟಪ್ರಭೆಯ ಕಾಲುವೆ ನೀರು ಬಂದಿತು, ಜೋಳದ ಜಾಗದಲ್ಲಿ ಕಬ್ಬು ನಿಂತಿತು. ಜೋಳಕ್ಕೆ ಮೇಲುಮೇಲೆ ಹರಗಿದರೆ ಸಾಕಿತ್ತು. ಕಬ್ಬಿಗೆ ಪಲ್ಟಿ ನೇಗಿಲು ಒಂದು, ಒಂದೂವರೆ ಅಡಿ ಆಳಕ್ಕೆ ಇಳಿಯುತ್ತದೆ. ಅಜ್ಜ ಮುತ್ತಜ್ಜರ ರಂಟೆ ಮುಟ್ಟದ ಪದರವನ್ನು ಅದು ಮೇಲಕ್ಕೆ ಹೊರಳಿಸುತ್ತದೆ. ಹೊಲ ಸಮ ಮಾಡುವ ಜೆಸಿಬಿ ಇನ್ನೂ ಆಳಕ್ಕೆ ಹೋಗುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ್ದು ಬೇರೆ ಕಥೆ. ಬೇಸಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ತಲೆ ಎತ್ತುತ್ತದೆ. ಊರಿದ್ದ ಜಾಗದ ಮಣ್ಣನ್ನು ವರ್ಷ ವರ್ಷವೂ ನೀರು ಸವೆಸುತ್ತಿರುವಾಗ ಒಳಗಿದ್ದದ್ದು ಹೊರಗೆ ಕಾಣಬಹುದು.

ಹೂಳಿಟ್ಟವರು ಯಾರು? ಬಹಳ ಸಲ ರಾಜರೂ ಅಲ್ಲ, ದರೋಡೆಕೋರರೂ ಅಲ್ಲ. ಬ್ಯಾಂಕಿಲ್ಲದ ಕಾಲದಲ್ಲಿ ನೆಲವೇ ತಿಜೋರಿ. ಆದಿಲಶಾಹಿ, ಮೊಗಲ, ಮರಾಠ ಎಂದು ದಂಡಿನ ಮೇಲೆ ದಂಡು ಹಾದುಹೋದ ಸೀಮೆಯಿದು. ದಂಡು ಬರುತ್ತದೆಂದರೆ ಜನ ಇದ್ದ ದುಡ್ಡನ್ನು ಗಡಿಗೆಗೆ ತುಂಬಿ ಒಲೆಯ ಪಕ್ಕದಲ್ಲೋ ಬದುವಿನ ಮರದ ಬುಡದಲ್ಲೋ ಹುಗಿದು ಊರು ಬಿಡುತ್ತಿದ್ದರು. ತಿರುಗಿ ಬಂದವರು ತೆಗೆದುಕೊಂಡರು. ಬಾರದವರದು ಅಲ್ಲೇ ಉಳಿಯಿತು. ಇಂದು ನಮಗೆ ಸಿಗುವ ಗಡಿಗೆ ಅಂದರೆ ತಿರುಗಿ ಬಾರದ ಒಬ್ಬ ಮನುಷ್ಯನ ಗುರುತು. ಅದನ್ನು ಬರೀ ಬಂಗಾರ ಬೆಳ್ಳಿಯ ತೂಕದಲ್ಲಿ ಅಳೆಯುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಲೋಹಶೋಧಕ ಯಂತ್ರದ ಮಾತು. ಕೋಲಿನ ತುದಿಯ ತಟ್ಟೆಯಲ್ಲಿ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿದು ನೆಲದೊಳಗೆ ಕಾಂತಕ್ಷೇತ್ರ ಕಳಿಸುತ್ತದೆ. ಅದು ಲೋಹಕ್ಕೆ ತಾಗಿದರೆ ಲೋಹದೊಳಗೆ ಸಣ್ಣ ಸುಳಿಯಂತೆ ವಿದ್ಯುತ್ ತಿರುಗಿ, ತನ್ನದೇ ಒಂದು ಕ್ಷೀಣ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತದೆ. ಎರಡನೆಯ ಸುರುಳಿ ಅದನ್ನು ಹಿಡಿಯುತ್ತದೆ. ಉತ್ತರ ಎಷ್ಟು ತಡವಾಗಿ ಬಂದಿತು ಎಂಬುದರ ಮೇಲೆ ಕಬ್ಬಿಣವೋ ಬೆಳ್ಳಿ, ತಾಮ್ರವೋ ಎಂದು ಯಂತ್ರ ಊಹಿಸುತ್ತದೆ. ಅದು ಊಹೆಯಷ್ಟೇ. ಬಾಟಲಿಯ ಮುಚ್ಚಳ, ಗುಳಿಗೆಯ ಹಾಳೆ, ಎತ್ತಿನ ಲಾಳ ಎಲ್ಲಕ್ಕೂ ಅದು ಕೂಗುತ್ತದೆ. ಒಂಟಿ ನಾಣ್ಯವಾದರೆ ಸುಮಾರು ಒಂದು ಗೇಣಿನವರೆಗೆ ಹಿಡಿಯುತ್ತದೆ, ತುಂಬಿದ ಗಡಿಗೆಯಾದರೆ ಇನ್ನಷ್ಟು ಆಳದಿಂದ. ಸವಳು ಹಿಡಿದ ಹಸಿ ನೆಲದಲ್ಲಿ ಉಪ್ಪುನೀರೇ ವಿದ್ಯುತ್ ಹರಿಸುವುದರಿಂದ ಏನೂ ಇಲ್ಲದಿದ್ದರೂ ಸದ್ದು ಮಾಡುತ್ತದೆ. ‘ನಿಧಿ ತೋರಿಸುವ ಮಷೀನು’ ಎಂದು ಸಾವಿರಾರು ರೂಪಾಯಿ ಕೇಳುವವರ ಮಾತಿಗೆ ಮರುಳಾಗಬೇಡಿ. ಅಂಜನ ಹಾಕಿ ನೋಡುವವರ ಮಾತಿಗಂತೂ ಬೇಡವೇ ಬೇಡ. ಆ ಮಾತು ನಂಬಿ ಕಿತ್ತ ಶಿವಲಿಂಗಗಳು, ಒಡೆದ ವೀರಗಲ್ಲುಗಳು ಉತ್ತರ ಕರ್ನಾಟಕದಲ್ಲಿ ಎಷ್ಟೋ ಇವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ಹೊಲಕ್ಕೆ ಬರೋಣ. ನೇಗಿಲಿಗೆ ಟಣ್ ಎಂದು ಏನೋ ತಾಗುತ್ತದೆ. “ಗೌಡ್ರ, ಏನೋ ಹತ್ತೈತ್ರೀ” ಎಂದು ಡ್ರೈವರ್ ಇಳಿಯುತ್ತಾನೆ. ಮಣ್ಣಿನ ಹೆಂಟೆಯ ನಡುವೆ ಗಡಿಗೆಯ ಚೂರು, ಹಸಿರು ಕಿಲುಬು ಹಿಡಿದು ಒಂದಕ್ಕೊಂದು ಅಂಟಿದ ಬಿಲ್ಲೆಗಳು. ಟ್ರ್ಯಾಕ್ಟರ್ ಅಲ್ಲೇ ನಿಲ್ಲಬೇಕು. ಕೈ ಹಾಕಿ ಎತ್ತುವ ಮುನ್ನ ಫೋನಿನಲ್ಲಿ ಫೋಟೋ ತೆಗೆಯಿರಿ: ಹತ್ತಿರದಿಂದ ಒಂದು, ಬದು, ಮರ ಕಾಣುವಂತೆ ದೂರದಿಂದ ಒಂದು. ಗಡಿಗೆಯ ಚೂರನ್ನು ಎಸೆಯಬೇಡಿ. ಗಡಿಗೆಯ ಅಂಚು, ಬಣ್ಣ, ಸುಟ್ಟ ಬಗೆ ನೋಡಿ ಕಾಲ ಹೇಳುವವರಿದ್ದಾರೆ.

ಅದಕ್ಕಿಂತ ಮುಖ್ಯ, ತೊಳೆಯಬೇಡಿ. ತಾಮ್ರ ಕಂಡರೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು ನಮ್ಮ ಮನೆಗಳ ರೂಢಿ. ತಂಬಿಗೆಗೆ ಅದು ಸರಿ, ನಾಣ್ಯಕ್ಕೆ ಮೃತ್ಯು. ಹುಳಿ ಕಿಲುಬನ್ನಷ್ಟೇ ಅಲ್ಲ, ಅದರಡಿಯ ಅಕ್ಷರವನ್ನೂ ತಿನ್ನುತ್ತದೆ. ಮೇಲಾಗಿ ಕಿಲುಬೇ ಒಂದು ಸಾಕ್ಷಿ. ತಾಮ್ರದ ಲವಣ ಹುಳುಹುಪ್ಪಡಿಯನ್ನು ದೂರವಿಡುವುದರಿಂದ ನಾಣ್ಯ ಕಟ್ಟಿದ್ದ ಅರಿವೆಯ ಎಳೆ ಕೆಲವೊಮ್ಮೆ ಕಿಲುಬಿನಲ್ಲೇ ಅಚ್ಚಾಗಿ ಉಳಿದಿರುತ್ತದೆ.

ಶಿವರಾಯಿಯನ್ನೇ ನೋಡಿ. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಇಂದಿಗೂ ಕಾಣುವ ದಪ್ಪ ತಾಮ್ರದ ದುಡ್ಡು. ಒಂದು ಬದಿ ನಾಗರಿಯಲ್ಲಿ ‘ಶ್ರೀ ರಾಜಾ ಶಿವ’, ಇನ್ನೊಂದು ಬದಿ ‘ಛತ್ರಪತಿ’, ಸುತ್ತ ಚುಕ್ಕಿಗಳ ಬಳೆ. ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಆದ್ದರಿಂದ ಅಕ್ಷರಗಳು ಅರ್ಧ ನಾಣ್ಯದ ಮೇಲೆ ಬಿದ್ದು ಅರ್ಧ ಗಾಳಿಗೆ ಹೋಗಿರುತ್ತವೆ. ಉಳಿದ ಆ ಅರ್ಧ ಅಕ್ಷರವನ್ನೂ ತಿಕ್ಕಿ ಅಳಿಸಿದರೆ ಓದುವುದಕ್ಕೆ ಏನು ಉಳಿಯಿತು?

ನಾಣ್ಯಗಳನ್ನು ಹಂಚಿಕೊಳ್ಳಲೂಬೇಡಿ. ಗಡಿಗೆಯಲ್ಲಿ ಇನ್ನೂರು ಆದಿಲಶಾಹಿ ತಾಮ್ರದ ದುಡ್ಡಿದ್ದು ಒಂದೇ ಒಂದು ಶಿವರಾಯಿ ಇದ್ದರೆ, ಇಡೀ ಗಡಿಗೆಯ ಕಾಲ ಹೇಳುವುದು ಆ ಒಂದೇ ಶಿವರಾಯಿ. ಎಲ್ಲಕ್ಕಿಂತ ಹೊಸ ನಾಣ್ಯ ಹುಟ್ಟುವ ಮೊದಲು ಗಡಿಗೆ ನೆಲ ಸೇರಿರಲಾರದಲ್ಲ! ಅದನ್ನೇ ಮಕ್ಕಳ ಆಟಕ್ಕೆಂದು ಯಾರೋ ಕಿಸೆಗೆ ಹಾಕಿಕೊಂಡರೆ ಲೆಕ್ಕವೇ ನೂರು ವರ್ಷ ತಪ್ಪುತ್ತದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಳಿಗೆ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಒಟ್ಟಾಗಿ ಉಳಿದು ದಾಖಲಾದ್ದರಿಂದಲೇ ರೋಮಿನ ದುಡ್ಡು ಕನ್ನಡ ನಾಡಿನ ಒಳಗಿನವರೆಗೆ ಬಂದಿತ್ತೆಂದು ಗಟ್ಟಿಯಾಗಿ ಹೇಳಲು ಬಂದಿತು.

ಕಾನೂನಿನ ದಾರಿ ಜನ ಹೆದರುವಷ್ಟು ಕಠಿಣವಲ್ಲ. ಬ್ರಿಟಿಷರ 1878ರ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದಿತು. ಮಾಲೀಕನಿಲ್ಲದ ನಿಧಿಯಲ್ಲಿ ಸಿಕ್ಕವನಿಗೆ ಮುಕ್ಕಾಲು, ಜಾಗದವನಿಗೆ ಕಾಲು ಪಾಲು ಎಂದಿತು. ಮುಚ್ಚಿಟ್ಟವನಿಗೆ ಪಾಲೂ ಇಲ್ಲ, ಒಂದು ವರ್ಷದವರೆಗೆ ಜೈಲು. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯಿದೆ. ಇಲ್ಲಿ ತಿಳಿಸಬೇಕಾದದ್ದು ಜಿಲ್ಲಾಧಿಕಾರಿಗೆ. ಊರಲ್ಲಿ ತಲಾಟಿ, ತಹಶೀಲ್ದಾರ ಕಚೇರಿ ಅಥವಾ ಪೊಲೀಸ್ ಠಾಣೆಯಿಂದ ಶುರುಮಾಡಿದರೂ ನಡೆಯುತ್ತದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು, ಪರದೇಶಕ್ಕೆ ಸಾಗಿಸುವಂತಿಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿ ಇಲ್ಲದೆ ಗುದ್ದಲಿ ಹಾಕುವುದೇ ಅಪರಾಧ. 2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ತೋಡುವಾಗ ಬಂಗಾರದ ಆಭರಣ ಸಿಕ್ಕವು, ಆ ಮನೆಯವರು ಸರ್ಕಾರಕ್ಕೆ ಒಪ್ಪಿಸಿದರು. ದೊಡ್ಡ ಮನಸ್ಸಿನ ಕೆಲಸವದು.

ಇಂಗ್ಲೆಂಡಿನ ಹಾಕ್ಸ್‌ನಿಯಲ್ಲಿ 1992ರಲ್ಲಿ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಗೆಳೆಯ ಲೋಹಶೋಧಕ ಹಿಡಿದು ಹುಡುಕಲು ಹೋದಾಗ ರೋಮನ್ ನಾಣ್ಯಗಳು ಎದ್ದವು. ಅವನು ಅಗೆತ ಅರ್ಧಕ್ಕೆ ನಿಲ್ಲಿಸಿ ತಿಳಿಸಿದ. ಮರುದಿನವೇ ಪುರಾತತ್ತ್ವದವರು ಬಂದು ಪದರ ಪದರವಾಗಿ ಬಿಡಿಸಿದರು. ಹದಿನೈದು ಸಾವಿರದಷ್ಟು ನಾಣ್ಯಗಳ ಜೊತೆ, ಅವನ್ನು ಇಟ್ಟಿದ್ದ ಮರದ ಪೆಟ್ಟಿಗೆಯ ಆಕಾರವೂ ಗೊತ್ತಾಯಿತು. ಸುತ್ತಿಗೆಯೂ ಸಿಕ್ಕಿತು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ನಮ್ಮಲ್ಲಿ ಪಂಚನಾಮೆ ಬರೆಯುವಾಗ ಎಷ್ಟು ನಾಣ್ಯ, ಎಷ್ಟು ತೂಕ, ಸರ್ವೆ ನಂಬರ್ ಎಷ್ಟು ಎಂಬುದಕ್ಕೆ ಮಾತು ಮುಗಿಯುತ್ತದೆ. ಪಕ್ಕದಲ್ಲಿ ನಿಂತು ಇನ್ನೆರಡು ಸಾಲು ಬರೆಸಿ: ಬದುವಿನಿಂದ ಎಷ್ಟು ಮಾರು ದೂರ, ನೆಲಮಟ್ಟದಿಂದ ಎಷ್ಟು ಗೇಣು ಆಳ. ಸುತ್ತ ಬೂದಿ, ಇಟ್ಟಿಗೆ, ಒಲೆಗಲ್ಲು ಕಂಡಿದ್ದರೆ ಅದನ್ನೂ ಸೇರಿಸಿ. ಸಹಿ ಆಮೇಲೆ ಮಾಡಿ.