ಚಾಟ್ನಿ ತಾರೀಖು ಗ್ಯಾಂಗಿನವರನ್ನ ಕೇಳಬೇಡಿ, ಕಡ್ಡಿ ನೋಡಿ

ಹಸ್ತ ಮಳೆ ಮುಗಿದು ಚಿತ್ತಾ ಹಿಡಿದಿದೆ. ತಿಕೋಟಾ, ಬಬಲೇಶ್ವರ ಕಡೆ ಯಾವ ದ್ರಾಕ್ಷಿ ಪಡಕ್ಕೆ ಹೋದರೂ ಈಗ ಒಂದೇ ಮಾತು: ‘ನಿಮ್ಮದು ಚಾಟ್ನಿ ಯಾವಾಗ?’ ಲಿಂಬೆ, ದಾಳಿಂಬೆ ಕೆಲಸವೂ ಇದೆ, ಆದರೆ ಅವು ನಾಲ್ಕು ದಿನ ತಡೀತಾವೆ. ಅಕ್ಟೋಬರ್ ಚಾಟ್ನಿ ಹಂಗಲ್ಲ. ಕಡ್ಡಿಗೆ ಒಮ್ಮೆ ಕತ್ತರಿ ಬಿತ್ತು ಅಂದ್ರೆ ಈ ವರ್ಷದ ಗೊನೆ ಎಷ್ಟು ಅನ್ನೋದು ಅವತ್ತೇ ತೀರ್ಮಾನ. ಸಾಲ ತೀರಿಸೋ ಲೆಕ್ಕನೂ ಅಲ್ಲೇ.

ಬಹಳ ಪ್ಲಾಟುಗಳಲ್ಲಿ ತಾರೀಖು ನಿಗದಿ ಮಾಡೋದು ರೈತ ಅಲ್ಲ, ಗ್ಯಾಂಗು. ಪಕ್ಕದ ಹೊಲಕ್ಕೆ ಬಂದಾರೆ, ನಮ್ಮದೂ ಮುಗಿಸಿಬಿಡೋಣ ಅಂತ ಕತ್ತರಿ ಹಾಕಿಸ್ತೀವಿ. ಎಷ್ಟನೇ ಕಣ್ಣಿಗೆ ಕಡಿಯಬೇಕು ಅಂದ್ರೆ ಹೋದ ವರ್ಷದ ಲೆಕ್ಕ. ಆದರೆ ಗೊನೆ ಕಣ್ಣಿನೊಳಗೆ ಕೂಡೋದು ಏಪ್ರಿಲ್ ಚಾಟ್ನಿ ಆಗಿ 40–70 ದಿನದ ಸುಮಾರಿಗೆ, ಅಂದ್ರೆ ಜೂನ್ ಹೊತ್ತಿಗೆ. ಆಗ ಮೋಡ ಮುಸುಕಿ ಬಿಸಿಲು ಕಡಿಮೆ ಆಗಿದ್ದರೆ ಎಷ್ಟೋ ಕಣ್ಣು ಖಾಲಿ ಉಳೀತಾವೆ, ಗೊನೆ ಇರೋ ಜಾಗವೂ ಬದಲಾಗುತ್ತೆ. ಹೋದ ಸಲ ಆರನೇ ಕಣ್ಣಿನಲ್ಲಿ ಸಿಕ್ಕಿದ್ದು ಈ ಸಲ ಎಂಟಕ್ಕೆ ಹೋಗಿರಬಹುದು. ಆರಕ್ಕೆ ಕಡಿದರೆ ಚಿಗುರು ಜೋರು ಬರುತ್ತೆ, ಬರೀ ಬಳ್ಳಿ.

ಹೊರಗಿಂದ ನೋಡಿದರೆ ಇದು ಕಾಣಲ್ಲ. ಕಣ್ಣು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪ್ಲಾಟಿನ ಒಂದೇ ಸಾಲಿನಿಂದ ಅಲ್ಲ, ನಾಲ್ಕೂ ಕಡೆಯಿಂದ ಕಡ್ಡಿ ಕಡಿದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಪ್ಲಾಟ್ ಹೆಸರು ಬರೆದು ಅವತ್ತೇ ಒಯ್ಯಿರಿ. ಪರೀಕ್ಷೆ ಎಲ್ಲಿ ಮಾಡ್ತಾರೆ ಅಂತ ಹಿಟ್ಟಿನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ತಿಡಗುಂದಿ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲೋ ವಿಚಾರಿಸಿ. ವಿಜಯಪುರ ಪೇಟೆಗೆ ಔಷಧಿ ತರೋಕೆ ಹೋಗೇ ಹೋಗ್ತೀರಿ, ಅದೇ ಗಾಡಿಯಲ್ಲಿ ಆಗೋ ಕೆಲಸ.

ಇನ್ನು ನೀರು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಟ್ಯಾಂಕರ್ ಕಾಲ ಮರೆತವರು ಬಹಳ ಮಂದಿ, ಒಳ್ಳೇದೇ. ಆದರೆ ನೀರಿದೆ ಅಂತ ಚಾಟ್ನಿ ಹಿಂದಿನ ದಿನದವರೆಗೂ ಡ್ರಿಪ್ ಬಿಡಬೇಡಿ. ಎರೆಮಣ್ಣಿನಲ್ಲಿ ಹತ್ತು–ಹದಿನೈದು ದಿನ ಮೊದಲೇ ನೀರು ಕಡಿಮೆ ಮಾಡಿ. ಕಡ್ಡಿ ಕಂದು ಬಣ್ಣಕ್ಕೆ ತಿರುಗಿ, ಬಗ್ಗಿಸಿದರೆ ಗಟ್ಟಿ ಅನಿಸಬೇಕು. ಹಸಿರು ಇದ್ದರೆ ಒಂದು ವಾರ ಕಾಯಿರಿ, ಗ್ಯಾಂಗ್ ಮುಂದೆ ಹೋದರೆ ಹೋಗಲಿ.

ಕಾಯೋದಕ್ಕೂ ಮಿತಿ ಇದೆ. ಬೇಗ ಕಡಿದರೆ ಮೂರೆಲೆ ಚಿಗುರಿನ ಮೇಲೆ ಚಿತ್ತಾ, ಸ್ವಾತಿ ಮಳೆ ಬಿದ್ದು ದಾವಣಿ ರೋಗ. ತೀರಾ ತಡ ಆದರೆ ಚಳಿಗೆ ಚಿಗುರು ನಿಧಾನ, ಕೊಯ್ಲು ಮುಂದಕ್ಕೆ ಹೋಗಿ ಮಣೂಕ ಶೆಡ್ಡಿನಲ್ಲಿರುವಾಗ ಅಕಾಲಿಕ ಮಳೆ. ಎರಡು ಪ್ಲಾಟ್ ಇದ್ದರೆ ಎಂಟು–ಹತ್ತು ದಿನ ಅಂತರ ಇಡೋದು ಜಾಣತನ. ಮೊಬೈಲಿನಲ್ಲಿ ‘ಮೇಘದೂತ್’ ಆ್ಯಪ್ ಹಾಕಿಕೊಳ್ಳಿ, ವಾರಕ್ಕೆರಡು ಸಲ ಜಿಲ್ಲೆಯ ಕೃಷಿ ಹವಾಮಾನ ಸಲಹೆ ಕನ್ನಡದಲ್ಲೇ ಬರುತ್ತೆ. ವಾಟ್ಸ್‌ಆ್ಯಪ್ ಗ್ರೂಪಿನ ಮಳೆ ಸುದ್ದಿಗಿಂತ ಅದು ವಾಸಿ.

ಕಡಿದ ಕಡ್ಡಿ, ಉದುರಿದ ಎಲೆ ಸಾಲಿನಲ್ಲೇ ಬಿಡಬಾರದು. ದಾವಣಿ ಶಿಲೀಂಧ್ರ ಅಲ್ಲೇ ಕೂತಿರುತ್ತೆ. ಎಲ್ಲ ಹೊರಗೆ ಹಾಕಿದ ಮೇಲೆ ಕಾಂಡ, ತೋಳು, ತಂತಿಗೆ ಶೇ 1ರ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ, ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಕಲಸಿದ ದಿನವೇ ಖಾಲಿ ಮಾಡಿ.

ಕಣ್ಣು ಒಡೆಸಲು ಹಚ್ಚುವ ಹೈಡ್ರೋಜನ್ ಸಯನಮೈಡ್ ಬಗ್ಗೆ ಒಂದು ಮಾತು, ಇದನ್ನ ಗ್ಯಾಂಗಿನವರಿಗೆ ಓದಿ ಹೇಳಿ. ಚಾಟ್ನಿ ಆಗಿ ಎರಡು ದಿನದೊಳಗೆ ಹಚ್ಚಬೇಕು, ಪ್ರಮಾಣ ಲೇಬಲ್ ಪ್ರಕಾರ. ಕೈಗವಸು, ಕನ್ನಡಕ ಬೇಕೇ ಬೇಕು. ಹಚ್ಚುವವರು ಹಿಂದಿನ ದಿನದಿಂದಲೇ ಮದ್ಯ ಮುಟ್ಟಬಾರದು, ಹಚ್ಚಿದ ಮೇಲೂ ವಾರದ ತನಕ ಬೇಡ. ದೇಹದಲ್ಲಿ ಈ ಔಷಧಿ ಇದ್ದಾಗ ಮದ್ಯ ಸೇರಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ಉಸಿರು ಕಟ್ಟುತ್ತೆ. ಸಂಜೆ ಕೂಲಿ ಕೊಡುವಾಗ ಹೇಳಿದರೆ ಆಗಲ್ಲ, ಹಿಂದಿನ ದಿನವೇ ಹೇಳಿ.

ಎಂಟು–ಹತ್ತು ದಿನಕ್ಕೆ ಕಣ್ಣು ಉಬ್ಬುತ್ತವೆ. ಆಗ ಸಂಜೆ ಟಾರ್ಚ್ ಹಿಡಿದು ಸಾಲು ಸುತ್ತಿ: ಉಡದ್ಯಾ ಹುಳ ಉಬ್ಬಿದ ಕಣ್ಣನ್ನೇ ಕೊರೆದು ತಿನ್ನುತ್ತೆ.